ಗೃಹಸ್ಥರ ಪ್ರಶ್ನೋತ್ತರ: ಮನೆಯ ಕಂದಾಯ, ವಾರಸಿನ ಹಕ್ಕು, ಕೆಟ್ಟು ನಿಂತ ಕಂಪ್ಯೂಟರು

ಪ್ರತಿ ತಿಂಗಳೂ ನಮಗೆ ಬರುವ ಪ್ರಶ್ನೆಗಳನ್ನು ವಿಷಯವಾರಾಗಿ ವಿಂಗಡಿಸಿ ಉತ್ತರಿಸುವುದು ಈ ಪುಟದ ಪದ್ಧತಿಯಾಗಿರುವುದು. ಈ ಸಲ ಆ ಪದ್ಧತಿಯನ್ನು ಕೊಂಚ ಬದಿಗಿರಿಸಿದ್ದೇವೆ. ಬೆಂಗಳೂರಿನಿಂದ ಒಬ್ಬ ಸೋದರಿಯು ಬರೆದಿರುವ ಒಂದೇ ಕಾಗದದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೂ, ಅಂತಹ ತೊಡಕು ನಾಳೆ ಯಾರ ಮನೆಯಲ್ಲಾದರೂ ಒದಗಬಹುದಾದುದರಿಂದಲೂ, ಆ ಕಾಗದಕ್ಕೇ ಹೆಚ್ಚಿನ ಸ್ಥಳವನ್ನು ಕೊಟ್ಟಿರುತ್ತೇವೆ.

ಕಾಗದದ ಸಾರಾಂಶವಿದು. ಆಕೆಯ ಯಜಮಾನರು ಕಳೆದ ಮಾಘಮಾಸದಲ್ಲಿ ದೈವಾಧೀನರಾದರು. ತಮ್ಮ ಸಂಬಳದ ಉಳಿತಾಯದಿಂದಲೂ ಸಾಲದಿಂದಲೂ ಅವರು ಕಟ್ಟಿಸಿದ ಮನೆಯೊಂದುಂಟು. ಮಗನು ಕೆನಡಾ ದೇಶದಲ್ಲಿರುವನು. ಮಗಳನ್ನು ದಾವಣಗೆರೆಗೆ ಕೊಟ್ಟಿದೆ. ಅತ್ತೆಯವರು ಹಾಸನದಲ್ಲಿ ಮೈದುನರ ಮನೆಯಲ್ಲಿರುವರೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಮನೆಯ ಕಂದಾಯದ ಲೆಕ್ಕ ಇನ್ನೂ ತೀರಿಹೋದವರ ಹೆಸರಿನಲ್ಲಿಯೇ ಇದೆ. ಕಳೆದ ಮೂರು ವರ್ಷಗಳಿಂದ ಕಂದಾಯವನ್ನು ಮಗನೇ ಕಟ್ಟಿರುವನಾದುದರಿಂದ ಮನೆಯು ತನಗೇ ಸೇರತಕ್ಕದ್ದೆಂದು ಅವನ ಭಾವನೆ. ತಾಯಿಯೂ ತಂಗಿಯೂ ಸಹಿಮಾಡಬೇಕೆಂದು ಒಂದು ಪತ್ರವನ್ನೂ ಕಳುಹಿಸಿರುವನು. ಯಜಮಾನರಾದರೋ, "ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದೇನೆ, ಉಯಿಲೂ ಅದರಲ್ಲಿಯೇ ಇದೆ" ಎಂದು ಮಗಳೊಡನೆ ಹೇಳುತ್ತಿದ್ದರಂತೆ. ಆ ಕಂಪ್ಯೂಟರು ಈಗ ಪ್ರಾರಂಭವೇ ಆಗದು. ನೋಡಲು ಬಂದ ರಿಪೇರಿಯವನು "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ" ಎಂದು ಹೇಳಿ, ಬರುವ ವಾರ ಬರುವುದಾಗಿ ತಿಳಿಸಿ ಹೋಗಿರುವನು. ಕಾಗದದ ಕೊನೆಯಲ್ಲಿ ಆಕೆ ಬರೆದಿರುವ ಮಾತು ನಮ್ಮ ಮನಸ್ಸನ್ನು ಮುಟ್ಟಿತು: "ನಾನು ಮಗನ ಮೇಲೆ ದೂರು ಹೇಳುತ್ತಿಲ್ಲ. ಹಬ್ಬದ ದಿನ ಮಕ್ಕಳಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ತಪ್ಪಬಾರದು, ಅಷ್ಟೆ."

ಆಕೆ ಕೇಳಿದ ಕ್ರಮವನ್ನು ಬಿಟ್ಟು ಕಂಪ್ಯೂಟರಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಕಂದಾಯ ತಡವಾದರೆ ಬಡ್ಡಿ ತೆತ್ತು ಸರಿಪಡಿಸಬಹುದು. ವಾರಸಿನ ಕೆಲಸ ಕೆಲವು ತಿಂಗಳು ಕಾಯಬಲ್ಲುದು. ಅಳಿಸಿಹೋದ ಬರಹವು ಮರಳಿ ಬರುವುದು ದುರ್ಲಭ.

1. ಕಂಪ್ಯೂಟರು

ರಿಪೇರಿಯವನನ್ನು ಈ ದಿನವೇ ತಡೆಯಿರಿ. ಫಾರ್ಮ್ಯಾಟ್ ಮಾಡುವುದೆಂದರೆ ಸ್ಲೇಟನ್ನು ಒರಸಿದಂತೆ. ಯಂತ್ರವು ನಡೆದೀತು, ಆದರೆ ಯಜಮಾನರ ಲೆಕ್ಕಪತ್ರಗಳು ಹೋದಾವು. ಯಂತ್ರ ಕೆಡುವುದು ಬೇರೆ, ಅದರೊಳಗಿನ ಬರಹ ಕೆಡುವುದು ಬೇರೆ. ಬೀರುವಿನ ಬಾಗಿಲು ಸಿಕ್ಕಿಕೊಂಡ ಮಾತ್ರಕ್ಕೆ ಒಳಗಿನ ಕಾಗದಗಳು ಸುಟ್ಟುಹೋದವೆಂದು ಯಾರೂ ಭಾವಿಸುವುದಿಲ್ಲವಷ್ಟೆ. ಬರಹಗಳೆಲ್ಲವೂ ಹಾರ್ಡ್ ಡಿಸ್ಕ್ ಎಂಬ ಒಂದು ಭಾಗದಲ್ಲಿರುವುವು; ಉಳಿದ ಯಂತ್ರವೆಲ್ಲ ನಿಂತುಹೋದರೂ ಆ ಭಾಗವನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಓದಬಹುದು.

ಅದಕ್ಕೂ ಮುಂಚೆ ಮನೆಯಲ್ಲಿಯೇ ಮಾಡತಕ್ಕ ಪರೀಕ್ಷೆಗಳು ಕೆಲವುಂಟು. ಗುಂಡಿ ಒತ್ತಿದಾಗ ದೀಪವಾಗಲಿ ಫ್ಯಾನಿನ ಸದ್ದಾಗಲಿ ಇಲ್ಲದಿದ್ದರೆ, ದೋಷವು ಬಹುಶಃ ವಿದ್ಯುತ್ತಿನ ದಾರಿಯಲ್ಲಿದೆ. ಯು.ಪಿ.ಎಸ್. ಪೆಟ್ಟಿಗೆಯ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಸೋಲುವುದು. ಅದನ್ನು ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ತಂತಿಯನ್ನು ಸೇರಿಸಿ ನೋಡಿರಿ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ, ಪರದೆಗೆ ಹೋಗುವ ತಂತಿಯು ಸಡಿಲವಾಗಿರಬಹುದು. ಪೀಂ ಪೀಂ ಎಂದು ಕೂಗಿ ನಿಂತರೆ, ಒಳಗಿನ ಮೆಮೊರಿಯ ಪಟ್ಟಿಯ ಮೇಲೆ ಧೂಳು ಕುಳಿತು ಸಂಪರ್ಕ ತಪ್ಪಿರುವುದುಂಟು. ಬಲ್ಲವರು ಅದನ್ನು ತೆಗೆದು ಒರಸಿ ಮತ್ತೆ ಕೂರಿಸಿದರೆ ಅನೇಕ ವೇಳೆ ಸರಿಹೋಗುವುದು. ಪ್ರತಿಸಲವೂ ತಾರೀಖು ತಪ್ಪಾಗಿ ತೋರಿದರೆ, ನಾಣ್ಯದಾಕಾರದ ಪುಟ್ಟ ಬ್ಯಾಟರಿಯೊಂದು ಮುಗಿದಿದೆಯೆಂದು ತಿಳಿಯಿರಿ. ಪೆಟ್ಟಿಗೆಯನ್ನು ತೆರೆಯುವ ಮೊದಲು ಪ್ಲಗ್ಗನ್ನು ಕಿತ್ತಿರತಕ್ಕದ್ದು. ಒಳಗಿರುವ ವಿದ್ಯುತ್ ಸರಬರಾಜಿನ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಒಂದು ಎಚ್ಚರಿಕೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಪ್ರಾರಂಭಿಸಿ ನೋಡಬೇಡಿ. ಪ್ರತಿ ಪ್ರಯತ್ನವೂ ಬರಹವನ್ನು ಇನ್ನಷ್ಟು ಕೆಡಿಸಬಹುದು. ಯಂತ್ರವನ್ನು ಆರಿಸಿ, ಬರಹವನ್ನು ಹೊರತೆಗೆಯುವ ಕೆಲಸವನ್ನೇ ಬಲ್ಲವರಲ್ಲಿಗೆ ಒಯ್ಯಿರಿ. ಕೊಡುವಾಗ, "ನನಗೆ ಯಂತ್ರ ಮುಖ್ಯವಲ್ಲ, ಬರಹ ಮುಖ್ಯ, ಒಂದಕ್ಷರವನ್ನೂ ಅಳಿಸಕೂಡದು" ಎಂದು ಚೀಟಿಯಲ್ಲಿ ಬರೆಸಿಕೊಂಡೇ ಕೊಡಿರಿ. ಈಚಿನ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗವೂ ಇರುವುದುಂಟು. ಅದನ್ನು ತೆರೆಯಲು 48 ಅಂಕಿಗಳ ಕೀಲಿಸಂಖ್ಯೆ ಬೇಕು. ಆದುದರಿಂದ ಯಜಮಾನರ ಡೈರಿ, ಬ್ಯಾಂಕಿನ ಪುಸ್ತಕ, ಹಳೆಯ ಲಕೋಟೆಗಳನ್ನು ಜಾಗ್ರತೆಯಾಗಿ ಹುಡುಕಿ, ರದ್ದಿಗೆ ಹಾಕಬೇಡಿ.

2. ಕಂದಾಯ

ತೀರಿಹೋದವರ ಹೆಸರಿನಲ್ಲಿದ್ದರೂ ಕಂದಾಯವನ್ನು ಕಟ್ಟಲೇಬೇಕು. ಮನೆಯ ಸಂಖ್ಯೆಯ ಮೇಲೆ ಯಾರು ಬೇಕಾದರೂ ಕಟ್ಟಬಹುದು. ವರ್ಷದ ತೆರಿಗೆಯನ್ನೆಲ್ಲ ಏಪ್ರಿಲ್ ತಿಂಗಳಲ್ಲಿ ಒಂದೇ ಸಲ ಕಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ 5ರಂತೆ ರಿಯಾಯಿತಿ ದೊರೆಯುವುದು. ಬೆಂಗಳೂರಿನಲ್ಲಿ 2008ರಿಂದ ಮಾಲೀಕನೇ ಮನೆಯ ವಿಸ್ತೀರ್ಣ, ವಲಯ, ಉಪಯೋಗಗಳನ್ನು ಘೋಷಿಸಿ ತೆರಿಗೆಯನ್ನು ಲೆಕ್ಕಹಾಕುವ ಪದ್ಧತಿ ಬಂದಿದೆ. ಮೇಲೊಂದು ಅಂತಸ್ತನ್ನು ಕಟ್ಟಿಸಿ ಘೋಷಣೆಯಲ್ಲಿ ಸೇರಿಸದೆ ಬಿಟ್ಟಿದ್ದರೆ, ಬಾಕಿಯೂ ದಂಡವೂ ಆ ಮನೆಯನ್ನು ಪಡೆದವರ ತಲೆಗೇ ಬರುವುದರಿಂದ, ಹಳೆಯ ಘೋಷಣೆಯನ್ನು ಮನೆಯೊಡನೆ ತಾಳೆನೋಡುವುದು ಒಳ್ಳೆಯದು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯು ಐದು ಪಾಲಿಕೆಗಳಾಗಿ ವಿಭಾಗವಾಗಿರುವುದರಿಂದ, ತಮ್ಮ ಮನೆ ಯಾವ ಪಾಲಿಕೆಗೆ ಸೇರಿತೆಂದು ಮೊದಲು ತಿಳಿದುಕೊಳ್ಳಬೇಕು.

ಇನ್ನು ಮಗನ ವಾದ. ಕಂದಾಯದ ರಶೀದಿಯು ಕಂದಾಯ ಸಂದಿತೆಂಬುದಕ್ಕೆ ಸಾಕ್ಷಿಯೇ ಹೊರತು ಮನೆ ಯಾರದೆಂಬುದಕ್ಕೆ ಸಾಕ್ಷಿಯಲ್ಲ. ಖಾತೆಯೂ ಅಷ್ಟೆ, ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕವದು. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಅನೇಕ ಸಲ ಹೇಳಿವೆ. ಮಗನು ಮೂರು ವರ್ಷ ಕಟ್ಟಿದುದು ಸತ್ಪುತ್ರನ ಕೆಲಸ. ಮುಂದೆ ಪಾಲುದಾರರು ಆ ಹಣದಲ್ಲಿ ತಮ್ಮ ತಮ್ಮ ಭಾಗವನ್ನು ಅವನಿಗೆ ಹಿಂದಿರುಗಿಸುವುದು ನ್ಯಾಯ. ಅದರಿಂದ ಮನೆಯು ಅವನೊಬ್ಬನದಾಗದು.

ಖಾತೆಯನ್ನು ವಾರಸುದಾರರೆಲ್ಲರ ಹೆಸರಿಗೂ ಜಂಟಿಯಾಗಿ ಮಾಡಿಸಿಕೊಳ್ಳಿರಿ. ಮರಣದ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ಋಣಭಾರ ಪತ್ರ, ಇತ್ತೀಚಿನ ಕಂದಾಯದ ರಶೀದಿ, ಇವು ಬೇಕಾಗುವುವು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯಮಾಡಿರುವುದರಿಂದ, ಈ ಕೆಲಸವನ್ನು ಮುಂದಕ್ಕೆ ಹಾಕಿದವರು ಮುಂದೆ ಮಾರುವಾಗಲೋ ಹಂಚಿಕೊಳ್ಳುವಾಗಲೋ ತೊಂದರೆಪಡುವರು.

ಮನೆ ವಾರಸಿನಿಂದ ಬಂದುದಕ್ಕೆ ಸರ್ಕಾರಕ್ಕೆ ಬೇರೆ ತೆರಿಗೆ ಕೊಡಬೇಕೇ ಎಂದೂ ಆಕೆ ಕೇಳಿದ್ದಾರೆ. ಕೊಡಬೇಕಾಗಿಲ್ಲ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿಯೇ ತೆಗೆದುಹಾಕಲಾಯಿತು.

3. ವಾರಸು

ಮೊದಲು ಉಯಿಲಿನ ವಿಚಾರ. ಕಂಪ್ಯೂಟರು ತೆರೆದು ಉಯಿಲು ಅದರಲ್ಲಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಸಹಿಯಿಲ್ಲದ ಆ ಬರಹವು ಕಾನೂನಿನ ಕಣ್ಣಿಗೆ ಉಯಿಲಲ್ಲವೆಂದು ಹೇಳಲು ನಮಗೆ ವ್ಯಸನವಾಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಗೆ ಬರೆದವರ ಸಹಿ ಬೇಕು. ಇಬ್ಬರಿಗೆ ಕಡಿಮೆಯಿಲ್ಲದ ಸಾಕ್ಷಿಗಳು ಅದನ್ನು ಕಂಡು, ಬರೆದವರ ಎದುರಿನಲ್ಲಿ ತಾವೂ ಸಹಿಮಾಡಿರಬೇಕು. ಛಾಪಾ ಕಾಗದ ಬೇಡ. ನೋಂದಣಿಯು ಒಳ್ಳೆಯದು, ಆದರೆ ಕಡ್ಡಾಯವಲ್ಲ. ಆದುದರಿಂದ ಯಜಮಾನರು ಆ ಬರಹವನ್ನು ಅಚ್ಚುಮಾಡಿ ಸಹಿಹಾಕಿ ಎಲ್ಲಿಯಾದರೂ ಇರಿಸಿರುವರೇ ಎಂಬುದನ್ನು ಪೆಟ್ಟಿಗೆ ಬೀರುಗಳಲ್ಲಿ ಹುಡುಕಿ ನೋಡಬೇಕು.

ಅಂತಹ ಕಾಗದ ಸಿಕ್ಕದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಗತಿ. ಮನೆಯು ಯಜಮಾನರ ಸ್ವಯಾರ್ಜಿತವಾದುದರಿಂದ ಹೆಂಡತಿ, ಮಗ, ಮಗಳು, ಇವರಿಗೆ ಸಮಪಾಲು. ಮಗಳಿಗೆ ಮದುವೆಯಾಗಿದೆಯೆಂಬುದು ಇಲ್ಲಿ ಲೆಕ್ಕಕ್ಕೆ ಬರದು. ಇಷ್ಟೇ ಎಂದು ಆ ಮನೆಯವರೆಲ್ಲರೂ ತಿಳಿದಿರುವಂತಿದೆ. ಆದರೆ ಕಾಗದದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಹಾಸನದ ಅತ್ತೆಯವರನ್ನು ಎಲ್ಲರೂ ಮರೆತಿದ್ದಾರೆ! ತೀರಿಹೋದವರ ತಾಯಿಯೂ ಮೊದಲನೆಯ ದರ್ಜೆಯ ವಾರಸುದಾರಳು. ಹೀಗಾಗಿ ಮನೆ ಮೂರು ಪಾಲಲ್ಲ, ನಾಲ್ಕು ಪಾಲು. ಆ ವೃದ್ಧೆಗೆ ಕಾಲುಭಾಗ ಸಲ್ಲತಕ್ಕದ್ದು. ಆಕೆಯನ್ನು ಬಿಟ್ಟು ಮಾಡಿದ ಪತ್ರವು ಆಕೆಯ ಪಾಲನ್ನು ಕಟ್ಟಿಹಾಕಲಾರದು. ಆಕೆಯ ಕಾಲಾನಂತರ ಆ ಕಾಲುಭಾಗವು, ಉಯಿಲಿಲ್ಲದಿದ್ದರೆ, ಆಕೆಯ ಉಳಿದ ಗಂಡು ಹೆಣ್ಣುಮಕ್ಕಳಿಗೂ ತೀರಿಹೋದ ಮಗನ ಮಕ್ಕಳಿಗೂ ಹಂಚಿಹೋಗುವುದು. ಈಗ ನಾಲ್ವರು ಕುಳಿತು ತೀರಿಸಬಹುದಾದ ಮಾತು ಆಗ ಹತ್ತು ಜನರ ಮಾತಾಗುವುದು.

ಸಹಿಯ ಪತ್ರವನ್ನು ಕುರಿತು. ಮನೆಯ ಮೇಲಣ ಹಕ್ಕನ್ನು ಬಿಟ್ಟುಕೊಡುವುದು ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದು. ಒಮ್ಮೆ ಆದಮೇಲೆ ಹಿಂದಕ್ಕೆ ಪಡೆಯುವುದು ಬಹು ಕಷ್ಟ. ಆದುದರಿಂದ ತಾಯಿಯಾಗಲಿ ಮಗಳಾಗಲಿ ಈಗಲೇ ಸಹಿಮಾಡಬಾರದೆಂಬುದು ನಮ್ಮ ಸ್ಪಷ್ಟವಾದ ಸಲಹೆ. ಇದು ಮಗನ ಮೇಲಿನ ಅವಿಶ್ವಾಸವಲ್ಲ. ತಲೆಯ ಮೇಲಿನ ಸೂರನ್ನು ಬಿಟ್ಟುಕೊಟ್ಟ ತಾಯಿಯು ನಾಳೆ ಮಗನ ಮನೆಯಲ್ಲಿಯೂ ಅತಿಥಿಯಾಗುವಳು, ಮಗಳ ಮನೆಯಲ್ಲಿಯೂ ಅತಿಥಿಯಾಗುವಳು. ಖಾತೆ ನಾಲ್ವರ ಹೆಸರಿನಲ್ಲಿರಲಿ, ಮನೆಯಲ್ಲಿ ತಾಯಿ ಇರಲಿ.

ಕಂಪ್ಯೂಟರಿನಲ್ಲಿ ಬರಹ ಸಿಕ್ಕಿ, ಅದರಲ್ಲಿ ಯಜಮಾನರ ಇಷ್ಟವು ತಿಳಿದುಬಂದರೆ, ಅದು ಕಾನೂನಿಗೆ ಉಯಿಲಲ್ಲದಿದ್ದರೂ ಮಕ್ಕಳಿಗೆ ತಂದೆಯ ಮಾತಲ್ಲವೆ? ನಾಲ್ವರೂ ಒಪ್ಪಿದರೆ ಅದರಂತೆಯೇ ನೋಂದಣಿ ಪತ್ರವನ್ನು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮಗನು ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ಕಳುಹಿಸಬಹುದು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನು ಕಟ್ಟಬೇಕು. ಆದರೆ ನಮ್ಮ ಮಾತನ್ನು ಕೇಳುವುದಾದರೆ, ಮಗನು ಹಬ್ಬಕ್ಕೆ ಊರಿಗೆ ಬಂದಾಗ, ಊಟವಾದ ಮೇಲೆ, ಅಜ್ಜಿಯನ್ನೂ ಹಾಸನದಿಂದ ಕರೆತಂದು ಕುಳ್ಳಿರಿಸಿಕೊಂಡು ಈ ಮಾತನ್ನು ಆಡಿರಿ. ಕಾಗದಪತ್ರಗಳಲ್ಲಿ ಕಠಿನವಾಗಿ ಕಾಣುವ ಮಾತು ಎದುರೆದುರು ಕುಳಿತಾಗ ಮೆತ್ತಗಾಗುವುದು.

ಇತರ ವಾಚಕರಿಗೆ

ಮೈಸೂರಿನ ವಾಚಕರೊಬ್ಬರಿಗೆ: ಬ್ಯಾಂಕಿನ ಠೇವಣಿಗೆ ನಾಮಿನಿಯಾಗಿರುವ ನಿಮ್ಮ ಅಣ್ಣನವರು ಹಣವನ್ನು ಪಡೆಯಲು ಅರ್ಹರು, ಆದರೆ ಅಷ್ಟರಿಂದಲೇ ಅದರ ಒಡೆಯರಲ್ಲ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೀಗೆಂದು ತೀರ್ಮಾನಿಸಿದೆ. ಹಣವು ವಾರಸುದಾರರೆಲ್ಲರಿಗೂ ಸೇರತಕ್ಕದ್ದು.

ಧಾರವಾಡದ ಸೋದರಿಗೆ: ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ನಮ್ಮ ರಾಜ್ಯದ 1994ರ ತಿದ್ದುಪಡಿಯು ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿರಿಸಿತ್ತು. 2005ರ ತಿದ್ದುಪಡಿಯು ಆ ಭೇದವನ್ನು ತೆಗೆಯಿತು. ಆ ವರ್ಷದ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರವಿದ್ದರೆ ಮಾತ್ರ ಅದನ್ನು ಕದಲಿಸಲಾಗದು. ನಿಮ್ಮ ಅಣ್ಣಂದಿರ ಬಳಿ ಅಂತಹ ಪತ್ರವಿದೆಯೇ ಎಂದು ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿರಿ.

ಮಂಗಳೂರಿನ ನಿವೃತ್ತ ಉಪಾಧ್ಯಾಯರಿಗೆ: "ನಿಮ್ಮ ಕಂಪ್ಯೂಟರಿಗೆ ರೋಗ ತಗಲಿದೆ, ನಾವು ದೂರದಿಂದಲೇ ಸರಿಪಡಿಸುತ್ತೇವೆ" ಎಂದು ತಾವಾಗಿಯೇ ದೂರವಾಣಿ ಮಾಡುವವರು ವಂಚಕರು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸಿರಿ.

ಕೊನೆಗೆ ಎಲ್ಲ ಗೃಹಸ್ಥರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಒಂದು ಹಾಳೆಯನ್ನು ತೆಗೆದುಕೊಂಡು, ಕ್ರಯಪತ್ರ ಎಲ್ಲಿದೆ, ಕಂದಾಯ ಯಾವ ಸಂಖ್ಯೆಗೆ ಸಲ್ಲುತ್ತದೆ, ಬ್ಯಾಂಕಿನ ಲೆಕ್ಕಗಳು ಯಾವುವು, ಕಂಪ್ಯೂಟರನ್ನು ತೆರೆಯುವ ಗುಟ್ಟಿನ ಪದ ಎಲ್ಲಿದೆ ಎಂಬುದನ್ನು ಬರೆದು, ಲಕೋಟೆಯಲ್ಲಿರಿಸಿ, ಮನೆಯಾಕೆಗೆ ತೋರಿಸಿಡಿರಿ. ಮುಖ್ಯವಾದ ಬರಹಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ಇರಿಸಿರಿ. ಉಯಿಲನ್ನು ಬರೆಯುವುದಾದರೆ ಕಾಗದದ ಮೇಲೆ ಬರೆದು, ಪಾಲು ಪಡೆಯದ ಇಬ್ಬರ ಎದುರಿನಲ್ಲಿ ಸಹಿಮಾಡಿರಿ. ಉಯಿಲು ಬರೆದರೆ ಆಯುಸ್ಸು ಕಡಿಮೆಯಾಗುವುದೆಂಬ ಅಂಜಿಕೆ ಹಲವರಿಗುಂಟು. ಬರೆಯದೆ ಹೋದವರೂ ಹೋಗಿಯೇ ಹೋಗುವರು. ಅವರ ಹಿಂದೆ ಉಳಿದವರಿಗೆ ಮಾತ್ರ ಹುಡುಕಾಟವೂ ಮನಸ್ತಾಪವೂ ಉಳಿಯುವುವು.