ಐದು ಸಾವಿರದ ಲೆಕ್ಕ ಮತ್ತು ಹಳ್ಳದ ನೀರು

ಮಲೆನಾಡಿನ ಯಾವುದೇ ಪೇಟೆಯ ಗ್ಯಾರೇಜಿಗೆ ಹೋಗಿ, ಕಾರಿನ ಎಂಜಿನ್ ಆಯಿಲನ್ನು ಎಷ್ಟಕ್ಕೊಮ್ಮೆ ಬದಲಿಸಬೇಕೆಂದು ವಿಚಾರಿಸಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಐದು ಸಾವಿರ ಕಿಲೋಮೀಟರಿಗೊಮ್ಮೆ. ಕಾರು ಯಾವುದು, ಪೆಟ್ರೋಲಿನದೋ ಡೀಸೆಲಿನದೋ, ಯಾವ ದಾರಿಯಲ್ಲಿ ಓಡುತ್ತದೆ ಎಂಬ ಪ್ರಶ್ನೆಗಳು ಏಳುವುದೇ ಅಪರೂಪ. ಇವಕ್ಕೆಲ್ಲ ಉತ್ತರವಿರುವ ಕೈಪಿಡಿಯಾದರೋ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ವಿಮೆಯ ಹಳೆಯ ಕಾಗದಗಳಡಿಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಮಲಗಿರುತ್ತದೆ.

ಈ ಲೆಕ್ಕ ಒಂದು ಕಾಲಕ್ಕೆ ತಪ್ಪಾಗಿರಲಿಲ್ಲ. ಕಾರ್ಬುರೇಟರಿನ ಎಂಜಿನ್‌ಗಳು ಮತ್ತು ಅಂದಿನ ಸಾಧಾರಣ ಆಯಿಲ್‌ಗಳಿಗೆ ಅದು ಯೋಗ್ಯವೇ ಆಗಿತ್ತು. ಎಂಜಿನ್ ಬದಲಾಯಿತು, ಆಯಿಲ್ ಬದಲಾಯಿತು, ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಇಂದಿನ ಅನೇಕ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದಿರುತ್ತದೆ. ಅಮೆರಿಕದಲ್ಲಿಯೂ 3,000 ಮೈಲಿಗೊಮ್ಮೆ, ಎಂದರೆ ಸುಮಾರು 4,800 ಕಿಲೋಮೀಟರಿಗೊಮ್ಮೆ, ಆಯಿಲ್ ಬದಲಿಸುವ ರೂಢಿ ಬಲವಾಗಿ ಬೇರೂರಿತ್ತು. ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯದ ತ್ಯಾಜ್ಯ ನಿರ್ವಹಣಾ ಇಲಾಖೆಯೇ ಮುಂದೆ ಬಂದು, ಪ್ರತಿಯೊಬ್ಬರೂ ತಮ್ಮ ತಮ್ಮ ಕಾರಿನ ಅಂಕಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಲಿ ಎಂದು ಪ್ರಚಾರ ನಡೆಸಬೇಕಾಯಿತು.

ಹಾಗೆಂದು ಹತ್ತು ಸಾವಿರವನ್ನೇ ಹೊಸ ಮಂತ್ರವಾಗಿಸಿಕೊಳ್ಳುವುದೂ ಸಲ್ಲ. ಕಠಿಣ ಬಳಕೆಯಲ್ಲಿರುವ ವಾಹನಗಳಿಗೆ ಬೇಗನೆ ಬದಲಿಸಬೇಕೆಂಬ ಸೂಚನೆ ಅದೇ ಕೈಪಿಡಿಯಲ್ಲಿ ಇನ್ನೊಂದು ಪುಟದಲ್ಲಿರುತ್ತದೆ. ಧೂಳಿನ ರಸ್ತೆ, ಭಾರ ಹೇರಿದ ಓಟ, ಎಂಜಿನ್ ಕಾಯುವ ಮೊದಲೇ ಮುಗಿಯುವ ಸಣ್ಣ ಸಣ್ಣ ಪ್ರಯಾಣ ಇವೆಲ್ಲ ಕಠಿಣ ಬಳಕೆಯೇ. ಮನೆಯಿಂದ ಮೂರು ಕಿಲೋಮೀಟರ್ ದೂರದ ಸೊಸೈಟಿಗೆ ಹೋಗಿ ಮರಳುವ ಕಾರಿನ ಎಂಜಿನ್, ಅದೂ ಮಳೆಗಾಲದಲ್ಲಿ, ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಹುಟ್ಟಿದ ನೀರಾವಿ ಹೊರಹೋಗದೆ ಆಯಿಲಿನಲ್ಲಿ ಸೇರುತ್ತದೆ, ಉರಿಯದ ಇಂಧನವೂ ಇಳಿಯುತ್ತದೆ, ಕ್ರಮೇಣ ಆಮ್ಲ ಕಟ್ಟುತ್ತದೆ. ಇಂಥ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರನ್ನೂ ಓಡದಿರಬಹುದು. ಆದರೂ ಅದರ ಆಯಿಲ್ ವರ್ಷ ದಾಟಬಾರದು, ಆರು ತಿಂಗಳಿಗೇ ಬದಲಿಸಿದರೂ ವ್ಯರ್ಥವಲ್ಲ. ಗೊಬ್ಬರದ ಚೀಲ ಹೇರಿಕೊಂಡು ದಿನವೂ ಘಟ್ಟ ಹತ್ತುವ ಪಿಕಪ್ ವಾಹನಕ್ಕೂ ಇದೇ ನ್ಯಾಯ. ಆದರೆ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದು, ತಿಂಗಳಿಗೆರಡು ಬಾರಿ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬರುವ ಕಾರಿಗೆ ಐದು ಸಾವಿರಕ್ಕೆ ಆಯಿಲ್ ಬದಲಿಸುವುದೆಂದರೆ ಅರ್ಧ ಆಯುಷ್ಯ ಉಳಿದಿರುವ ಆಯಿಲನ್ನು ಚೆಲ್ಲಿದಂತೆ. ಒಂದೇ ಊರಿನ ಎರಡು ಕಾರುಗಳಿಗೆ ಒಂದೇ ಅಂಕಿ ಹೊಂದುವುದಿಲ್ಲ.

ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸವೂ ಬಿಡತಕ್ಕದ್ದು. ಮಸಿಯನ್ನು ತನ್ನೊಳಗೆ ಹಿಡಿದಿಟ್ಟು ಎಂಜಿನ್‌ಗೆ ಅಂಟದಂತೆ ಮಾಡುವುದೇ ಆಯಿಲಿನ ಕೆಲಸ. ಡೀಸೆಲ್ ವಾಹನದಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಕಪ್ಪಾದದ್ದು ದುಡಿಯುತ್ತಿದೆ ಎಂದರ್ಥ. ಹೆದರಬೇಕಾದದ್ದು ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತ ಕಾಫಿಯಂಥ ಬಣ್ಣ ಕಂಡಾಗ. ಅದು ನೀರು ಸೇರಿದ್ದರ ಗುರುತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಇನ್ನೊಂದು ತೊಡಕಿದೆ. ಹೊಗೆಕೊಳವೆಯ ಜಾಲರಿಯಲ್ಲಿ ಕಟ್ಟಿದ ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚು ಡೀಸೆಲ್ ಬಳಸುತ್ತದೆ. ಸಣ್ಣ ಓಟಗಳಿಂದ ಆ ಕ್ರಿಯೆ ನಡುವೆ ನಿಂತರೆ ಡೀಸೆಲ್ ಆಯಿಲಿಗೆ ಇಳಿದು ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆಯೆಂದು ಸಂತೋಷಪಡುವವರು ಈ ಕಾರಣವನ್ನು ತಿಳಿದಿರುವುದು ಒಳ್ಳೆಯದು.

ಇಷ್ಟೆಲ್ಲ ಕಾರಿನ ಮಾತು ಪರಿಸರದ ಪತ್ರಿಕೆಯಲ್ಲೇಕೆ ಎಂದು ಕೇಳುವವರು ಸಣ್ಣದೊಂದು ಗುಣಾಕಾರ ಮಾಡಿ ನೋಡಬೇಕು. ಸಣ್ಣ ಕಾರೊಂದು ಒಮ್ಮೆಗೆ ಸುಮಾರು ಮೂರೂವರೆ ಲೀಟರ್ ಆಯಿಲ್ ಹಿಡಿಯುತ್ತದೆಯೆನ್ನೋಣ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವ ನಲವತ್ತು ಕಾರುಗಳಿರುವ ಊರಿನಲ್ಲಿ ಒಂದರ ಬದಲು ಎರಡು ಬಾರಿ ಬದಲಿಸಿದರೆ 140 ಲೀಟರ್ ಹಳೆಯ ಆಯಿಲ್ ಅಧಿಕವಾಗಿ ಹೊರಬೀಳುತ್ತದೆ. ಅದು ಹೋಗುವುದೆಲ್ಲಿಗೆ? ಸ್ವಲ್ಪ ಭಾಗ ಗೆದ್ದಲು ಹಿಡಿಯದಂತೆ ಬೇಲಿಯ ಗೂಟಕ್ಕೆ, ಸ್ವಲ್ಪ ಸೆಂಟ್ರಿಂಗ್ ಹಲಗೆಗೆ, ಸ್ವಲ್ಪ ಬಾಗಿಲ ಪಟ್ಟಿಗೆ. ಉಳಿದದ್ದು ಗ್ಯಾರೇಜಿನ ಹಿಂಬದಿಯ ಡ್ರಮ್ಮಿಗೆ. ಮಳೆಗಾಲಕ್ಕೆ ಮುನ್ನ ಗಾಡಿ ಸರ್ವಿಸ್ ಮಾಡಿಸುವವರೇ ಹೆಚ್ಚಾದ್ದರಿಂದ ಡ್ರಮ್ ತುಂಬುವುದು ಮೇ ತಿಂಗಳಲ್ಲಿ. ಮೃಗಶಿರ ಮಳೆ ಹಿಡಿದಾಗ ಅದು ಮುಚ್ಚಳವಿಲ್ಲದೆ ಬಯಲಲ್ಲಿದ್ದರೆ ನೀರು ಅಡಿಗಿಳಿಯುತ್ತದೆ, ಹಗುರವಾದ ಆಯಿಲ್ ಮೇಲೆ ತೇಲುತ್ತದೆ, ಉಕ್ಕಿದಾಗ ಮೊದಲು ಹೊರಹೋಗುವುದೂ ಅದೇ. ಚರಂಡಿಯಿಂದ ಹಳ್ಳ, ಹಳ್ಳದಿಂದ ಹೊಳೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಭಕ್ತಿಯಿಂದ ಮಂಡಕ್ಕಿ ಎರಚುವವರ ಕಾರಿನ ಆಯಿಲ್ ಯಾವ ಹಳ್ಳ ಸೇರಿತೆಂದು ಯಾರೂ ಕೇಳುವುದಿಲ್ಲ.

ಒಂದು ಕಾರಿನಿಂದ ಒಮ್ಮೆ ಇಳಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಬಳಸಿದ ಆಯಿಲಿನಲ್ಲಿ ಎಂಜಿನ್ ಸವೆದ ಲೋಹದ ಕಣಗಳಿರುತ್ತವೆ, ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳಿರುತ್ತವೆ. ಬರಿಗೈಯಲ್ಲಿ ಗೂಟಕ್ಕೆ ಬಳಿಯುವವರು ಇದನ್ನು ಮೊದಲು ತಿಳಿಯಬೇಕಾದವರು. ಅದೇ ಆಯಿಲ್ ಶುದ್ಧೀಕರಣ ಘಟಕಕ್ಕೆ ಹೋದರೆ ಕಥೆಯೇ ಬೇರೆ. 159 ಲೀಟರ್ ಕಚ್ಚಾತೈಲದಿಂದ ಸಿಗುವ ಸುಮಾರು ಎರಡೂವರೆ ಲೀಟರ್ ಲೂಬ್ರಿಕೇಟಿಂಗ್ ಆಯಿಲ್ ಕೇವಲ 3.8 ಲೀಟರ್ ಹಳೆಯ ಆಯಿಲಿನಿಂದ ದೊರೆಯುತ್ತದೆ.

ಕಾನೂನಿಗೆ ಕೊರತೆಯಿಲ್ಲ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದವರಿಗೆ ಮಾತ್ರ ಕೊಡತಕ್ಕದ್ದು. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಮರುಬಳಕೆಯ ಹೊಣೆ ಬಿದ್ದಿದೆ. ಆದರೆ ಘಟ್ಟದ ಮೇಲಿನ ಒಂದು ಸಣ್ಣ ಗ್ಯಾರೇಜಿನ ಅರ್ಧ ಡ್ರಮ್ಮಿಗಾಗಿ ಯಾವ ಲಾರಿಯೂ ಹತ್ತಿ ಬರಲಾರದು. ಹೋಬಳಿಯ ಹತ್ತಾರು ಗ್ಯಾರೇಜುಗಳದ್ದು ಒಂದೆಡೆ ಕೂಡಿದರೆ ಬಂದೀತು. ಅಡಿಕೆಯನ್ನು ಒಟ್ಟುಗೂಡಿಸಿ ಮಾರಲು ಕಲಿತ ಸಹಕಾರ ಸಂಘಗಳಿಗೆ ಇದು ಅಸಾಧ್ಯದ ಕೆಲಸವಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಕೇಳಿ, ಪಂಚಾಯಿತಿಯ ಕಸ ವಿಂಗಡಣಾ ಘಟಕದ ಬಳಿ ಸಿಮೆಂಟಿನ ನೆಲ ಮತ್ತು ತಗಡಿನ ಮಾಡು ಇರುವ ಒಂದು ಜಾಗ ಮಾಡಿದರೆ ಆರಂಭಕ್ಕೆ ಸಾಕು. ಕಾಲೇಜು ವಿದ್ಯಾರ್ಥಿಗಳು ತಮ್ಮ ಪೇಟೆಯ ಗ್ಯಾರೇಜುಗಳಲ್ಲಿ ತಿಂಗಳಿಗೆಷ್ಟು ಆಯಿಲ್ ಇಳಿಯುತ್ತದೆ, ಒಯ್ಯುವವರು ಯಾರು ಎಂಬುದನ್ನು ಬರೆದಿಟ್ಟರೆ ಪಂಚಾಯಿತಿಯ ಮುಂದಿಡಲು ಆಧಾರ ಸಿಗುತ್ತದೆ. ಡ್ರಮ್ಮನ್ನು ಮಾಡಿನೊಳಗೆ ಸರಿಸಿ ಮುಚ್ಚಳ ಹಾಕುವುದಕ್ಕಂತೂ ಯಾರ ಅನುಮತಿಯೂ ಬೇಡ. ಅದು ಮೇ ತಿಂಗಳೊಳಗೆ ಆಗಬೇಕು.