ಮದ್ದು ಕಾಯಿಲೆಗಿರಲಿ, ಫೀಡಿಗೆ ಬೇಡ

ಬ್ರಾಯ್ಲರ್ ಕೋಳಿ ಸಾಕುವವರಲ್ಲಿ, ಕೊಂಡು ತಿನ್ನುವವರಲ್ಲಿ ಒಂದು ಕಳಕಳಿಯ ಮನವಿ. ಕಾಯಿಲೆಯೇ ಇಲ್ಲದ ಕೋಳಿಗೆ ತೂಕ ಬರಲೆಂದು ಫೀಡಿನಲ್ಲಿ ದಿನವೂ ಆ್ಯಂಟಿಬಯಾಟಿಕ್ ಬೆರೆಸುವ ರೂಢಿಯನ್ನು ಕೈಬಿಡೋಣ.

1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಆರಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ರೂಢಿ ಹುಟ್ಟಿದ್ದು ಅಲ್ಲಿಂದ. ಕರುಳಿನ ಬ್ಯಾಕ್ಟೀರಿಯಾ ಹತೋಟಿಯಲ್ಲಿದ್ದರೆ ತಿಂದದ್ದು ಮೈಗೆ ಹತ್ತುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಇಷ್ಟಿಷ್ಟೇ ಮದ್ದಿಗೆ ಎಲ್ಲ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮದ್ದನ್ನು ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಗೊಬ್ಬರದ ಜೊತೆ ಹೊಲಕ್ಕೆ, ಮಾಂಸದ ಜೊತೆ ಅಡುಗೆಮನೆಗೆ ಬರುತ್ತವೆ.

ಕೊಲಿಸ್ಟಿನ್ ಉದಾಹರಣೆ ನೋಡಿ. ಬೇರೆ ಯಾವ ಮದ್ದೂ ನಾಟದಾಗ ಐಸಿಯುನಲ್ಲಿ ವೈದ್ಯರು ಕಟ್ಟಕಡೆಗೆ ಕೊಡುವ ಔಷಧಿ ಅದು. ಅದನ್ನೇ ಕೋಳಿಗೂ ತಿನ್ನಿಸುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ 2015ರಲ್ಲಿ ಚೀನಾದಲ್ಲಿ ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಪತ್ತೆಯಾಯಿತು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಂದು ಮದ್ದಿಗೆ ಬಂದ ಗತಿ ಉಳಿದವಕ್ಕೂ ಬರುವವರೆಗೆ ಕಾಯಬೇಕೇ?

‘ಮದ್ದಿಲ್ಲದೆ ಬ್ಯಾಚ್ ಏಳುತ್ತದೆಯೇ’ ಎಂಬ ರೈತನ ಆತಂಕ ಸುಳ್ಳಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಫೀಡು ಎರಡೂ ಕಂಪನಿಯದು. ತಿಂದ ಫೀಡಿಗೆ ಬಂದ ತೂಕದ ಮೇಲೆ ಅವನ ಕೂಲಿ. ಅವನಿಗೆ ಡೆನ್ಮಾರ್ಕಿನ ಅನುಭವ ಧೈರ್ಯ ಕೊಡಬೇಕು. ಅಲ್ಲಿನ ಕೋಳಿ ಸಾಕಣೆದಾರರು 1998ರಲ್ಲಿ ತಾವಾಗಿಯೇ ತೂಕಕ್ಕಾಗಿ ಮದ್ದು ಬೆರೆಸುವುದನ್ನು ನಿಲ್ಲಿಸಿದರು. ಸಾಯುವ ಕೋಳಿಗಳ ಪ್ರಮಾಣ ಹೆಚ್ಚಲಿಲ್ಲ. ಒಂದು ಕೆಜಿ ತೂಕಕ್ಕೆ ಬೇಕಾದ ಫೀಡು ಹೆಚ್ಚಿದ್ದು ಸುಮಾರು 16 ಗ್ರಾಂ ಮಾತ್ರ. ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಕಾಯಿಲೆ ತಡೆಯುವ ಮದ್ದನ್ನು ಮಾತ್ರ ಅವರು ಬಿಡಲಿಲ್ಲ. 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಇಡೀ ಐರೋಪ್ಯ ಒಕ್ಕೂಟವೇ ನಿಷೇಧಿಸಿತು.

ಸಾಕಣೆದಾರರೇ, ಶೆಡ್ಡಿನ ಹೊಟ್ಟು ಒದ್ದೆಯಾಗದಂತೆ ಕೆದಕಿ ಒಣಗಿಸಿ. ಗಾಳಿಯಾಡಲು ಬಿಡಿ. ಬ್ಯಾಚ್ ಹೋದ ಮೇಲೆ ಶೆಡ್ ತೊಳೆದು ಕೆಲವು ದಿನ ಖಾಲಿ ಇಡಿ. ಕೊಕ್ಕರೆ ರೋಗ, ಗುಂಬೊರೊ ಲಸಿಕೆಗಳನ್ನು ತಪ್ಪಿಸಬೇಡಿ. ಕಾಯಿಲೆ ಬಂದರೆ ಪಶುವೈದ್ಯರ ಚೀಟಿಯಂತೆ ಮದ್ದು ಖಂಡಿತ ಕೊಡಿ. ಆಮೇಲೆ ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಕೋಳಿ ಮಾರಬೇಡಿ.

ಕಂಪನಿಗಳೇ, ಫೀಡಿಗೆ ಏನು ಬೆರೆಸಿದ್ದೀರೆಂದು ಮೂಟೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿ. ಮದ್ದು ಬಿಟ್ಟಿದ್ದಕ್ಕೆ ನಾಲ್ಕು ಕಾಸು ಹೆಚ್ಚು ಖರ್ಚಾದರೆ ಅದನ್ನು ರೈತನ ಕೂಲಿಯಲ್ಲಿ ಮುರಿದುಕೊಳ್ಳಬೇಡಿ.

ತಿನ್ನುವವರೇ, ಕೋಳಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಹಸಿ ಮಾಂಸ ಕತ್ತರಿಸಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ಆ್ಯಂಟಿಬಯಾಟಿಕ್ ಬೆರೆಸದ ಫೀಡಿನಲ್ಲಿ ಬೆಳೆದ ಕೋಳಿ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಗಿರಾಕಿ ಕೇಳಿದ್ದನ್ನು ಅಂಗಡಿಯವನು ಕಂಪನಿಗೆ ಮುಟ್ಟಿಸುತ್ತಾನೆ.

ಸಾಕಣೆದಾರರೇ, ಮುಂದಿನ ಬ್ಯಾಚಿನ ಮರಿ ಇಳಿಸುವ ಮೊದಲು ಫೀಡ್ ಮೂಟೆಯ ಚೀಟಿ ಓದಿ. ಅದರಲ್ಲಿ ಬರೆದಿಲ್ಲವಾದರೆ ಕಂಪನಿಯ ಸೂಪರ್‌ವೈಸರನ್ನು ಕೇಳಿ, ಉತ್ತರ ಸಿಗುವವರೆಗೂ ಕೇಳಿ.