ಪುಸ್ತಕವಿಲ್ಲದ ಮಾಂತ್ರಿಕ ನನಗೆ ಬೇಡ

ಫ್ಯಾಂಟಸಿ ಕತೆಗಳ ಮಾಂತ್ರಿಕರಲ್ಲಿ ಎರಡು ಜಾತಿ. ಒಬ್ಬನಿಗೆ ಶಕ್ತಿ ರಕ್ತದಲ್ಲೇ ಬಂದಿರುತ್ತೆ. ಇನ್ನೊಬ್ಬ ಪುಸ್ತಕದ ಮುಂದೆ ಕೂತು, ಓದಿ ಓದಿ ಸಂಪಾದಿಸಿರುತ್ತಾನೆ. ಸಿನಿಮಾ, ಸೀರೀಸ್, ವಿಡಿಯೋ ಗೇಮುಗಳಿಗೆ ಮೊದಲನೆಯವನ ಮೇಲೇ ಪ್ರೀತಿ. ಎರಡನೆಯವನು ಬೋರು, ಪುಸ್ತಕದ ಬದನೆಕಾಯಿ ಅಂತ ನಗೋರೇ ಜಾಸ್ತಿ. ನಾನು ಆ ಬದನೆಕಾಯಿಯ ಪಾರ್ಟಿ.

ಇವನ ವಂಶ ಹುಡುಕಿದರೆ ಅಮೆರಿಕದ ಜ್ಯಾಕ್ ವಾನ್ಸ್ ಸಿಗುತ್ತಾನೆ. 1950ರಲ್ಲಿ ಬಂದ ಅವನ ‘ದಿ ಡೈಯಿಂಗ್ ಅರ್ತ್’ನಲ್ಲಿ ಸೂರ್ಯ ಆರಿಹೋಗುವ ಸ್ಥಿತಿಯಲ್ಲಿದ್ದಾನೆ, ಮನುಷ್ಯರಿಗೆ ಗೊತ್ತಿರುವ ಮಂತ್ರಗಳು ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಝೀರಿಯನ್ ಎಂಬ ಮಹಾ ಮಾಂತ್ರಿಕ ಎಷ್ಟೇ ತಿಣುಕಾಡಿದರೂ ಒಮ್ಮೆಗೆ ತಲೆಯಲ್ಲಿ ಹಿಡಿಸೋದು ದೊಡ್ಡ ಮಂತ್ರವಾದರೆ ನಾಲ್ಕು, ಚಿಕ್ಕದಾದರೆ ಆರು. ಪ್ರಯೋಗಿಸಿದ ಕೂಡಲೇ ಅದು ತಲೆಯಿಂದ ಮಾಯ. ಮತ್ತೆ ಬೇಕೆಂದರೆ ಮತ್ತೆ ಪುಸ್ತಕ ತೆಗೆಯಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ತಂದಾಗ ವಾನ್ಸ್‌ನ ಈ ನಿಯಮವೇ ಅದರ ಮಾಂತ್ರಿಕನಿಗೂ ಬಂತು.

ಈ ನಿಯಮವನ್ನು ಆಡಿಕೊಳ್ಳದವರಿಲ್ಲ. ‘ನಿನ್ನೆ ಗೊತ್ತಿದ್ದ ಮಂತ್ರ ಇವತ್ತು ಮರೆತುಹೋಗೋದಾ? ತಮಾಷೆನಾ?’ ಸ್ವಾಮಿ, ಆರು ತಿಂಗಳ ಹಿಂದೆ ನೀವೇ ಬರೆದ ಕೋಡ್ ತೆಗೆದು ನೋಡಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದಿರಲ್ಲ, ಎರಡನೇ ಸೆಮಿಸ್ಟರಿನ ಗಣಿತದಲ್ಲಿ ಇವತ್ತು ಎಷ್ಟು ನೆನಪಿದೆ? ಓದಿದ್ದು ಸೋರಿಹೋಗುತ್ತೆ, ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕು. ಇಡೀ ಫ್ಯಾಂಟಸಿ ಲೋಕದಲ್ಲಿ ಓದಿನ ಬಗ್ಗೆ ನಿಜ ಹೇಳಿದ ನಿಯಮ ಇದೊಂದೇ ಇರಬೇಕು.

2000ನೇ ಇಸವಿಯಲ್ಲಿ ಆ ಆಟದ ಮೂರನೇ ಆವೃತ್ತಿ ಬಂತು. ಪುಸ್ತಕದ ಮಾಂತ್ರಿಕನ ಪಕ್ಕದಲ್ಲಿ ‘ಸಾರ್ಸರರ್’ ಅನ್ನೋ ಹೊಸಬ ಬಂದು ಕೂತ. ಇವನಿಗೆ ಪುಸ್ತಕವೇ ಬೇಡ, ಮಂತ್ರ ಹುಟ್ಟಿನಿಂದಲೇ ಬಂದದ್ದು. ನಮ್ಮ ಮೈಯಲ್ಲಿ ಡ್ರ್ಯಾಗನ್ ರಕ್ತ ಹರೀತಿದೆ ಅಂತ ಹೇಳಿಕೊಳ್ಳೋರೂ ಇವರಲ್ಲಿದ್ದಾರೆ. ಓದುವವನ ಶಕ್ತಿಯನ್ನು ಆಟ ಅಳೆಯೋದು ಬುದ್ಧಿಯಿಂದ. ಇವನದ್ದು? ವರ್ಚಸ್ಸಿನಿಂದ! ಒಂದು ಪುಟ ಓದದೆ ಬಂದು ಮೀಟಿಂಗಿನಲ್ಲಿ ಮಿಂಚುವ ಆಸಾಮಿಯನ್ನು ನಿಮ್ಮ ಆಫೀಸಿನಲ್ಲಿ ನೋಡಿಲ್ಲವೇ?

ಹ್ಯಾರಿ ಪಾಟರ್ ಲೋಕ ಇನ್ನೂ ಕ್ರೂರ. ಅಲ್ಲಿ ಲೈಬ್ರರಿ ಇದೆ, ಪಠ್ಯಪುಸ್ತಕವಿದೆ, ಪರೀಕ್ಷೆಯೂ ಇದೆ. ಆದರೆ ಹುಟ್ಟುವಾಗಲೇ ಮಂತ್ರಶಕ್ತಿ ಇಲ್ಲದಿದ್ದರೆ ಅಷ್ಟೂ ಪುಸ್ತಕ ದಂಡ. 1998ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ಶಾಲೆಯ ಕೇರ್‌ಟೇಕರ್ ಫಿಲ್ಚ್, ಮಾಂತ್ರಿಕರ ಮನೆಯಲ್ಲಿ ಹುಟ್ಟಿಯೂ ಶಕ್ತಿ ಇಲ್ಲದವನು, ಅಂಚೆ ಕೋರ್ಸ್ ತರಿಸಿಕೊಂಡು ಗುಟ್ಟಾಗಿ ಮಂತ್ರ ಕಲಿಯಲು ನೋಡುತ್ತಾನೆ. ವಯಸ್ಸಾದವನೊಬ್ಬ ಓದಿ ಮೇಲೆ ಬರೋಕೆ ಹೊರಟಿದ್ದು ಅಲ್ಲಿ ಜೋಕ್! ಶುದ್ಧ ರಕ್ತದ ಜಂಭ ಕೆಟ್ಟದ್ದು ಅಂತ ಆ ಸರಣಿ ಏಳು ಪುಸ್ತಕದುದ್ದಕ್ಕೂ ಹೇಳುತ್ತೆ, ಒಪ್ಪೋಣ. ಆದರೆ ಫಿಲ್ಚ್‌ಗೆ ಬಾಗಿಲು ಕೊನೆವರೆಗೂ ತೆರೆಯೋದಿಲ್ಲ.

ಕತೆ ತಾನೇ, ಇಷ್ಟ್ಯಾಕೆ ತಲೆ ಕೆಡಿಸಿಕೊಳ್ತೀಯ ಅನ್ನಬೇಡಿ. ಯಾರು ಓದಬಹುದು, ಯಾರು ಓದಬಾರದು ಅಂತ ಹುಟ್ಟು ನೋಡಿ ತೀರ್ಮಾನಿಸುತ್ತಿದ್ದ ನಾಡು ನಮ್ಮದು. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ, ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯ ಮೇಲೆ ಸಗಣಿ ಎಸೆದರು. ಪುಸ್ತಕದಲ್ಲಿ ಎಂಥ ಶಕ್ತಿ ಇದೆ ಅನ್ನೋದು ಎಸೆದವರಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ಸಗಣಿ ಎಸೆಯೋದಿಲ್ಲ. ‘ಮ್ಯಾಥ್ಸ್ ಅವರ ಬ್ಲಡ್ಡಲ್ಲೇ ಇದೆ ಬಿಡಿ’ ಅಂತೀವಿ, ‘ನ್ಯಾಚುರಲ್ ಟ್ಯಾಲೆಂಟ್’ ಅಂತೀವಿ. ಹಾಗಂದ ಕೂಡಲೇ ಓದಿದವನ ಶ್ರಮವೂ ಮರೆಯಾಯಿತು, ಓದೋಕೆ ಅವಕಾಶವೇ ಸಿಗದವನ ಪ್ರಶ್ನೆಯೂ ಮರೆಯಾಯಿತು.

ಪುಸ್ತಕವೇನು ಪುಕ್ಕಟೆ ಸಿಗುತ್ತಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. 2014ರ ಐದನೇ ಆವೃತ್ತಿಯಲ್ಲಿ ಒಂದು ಮಂತ್ರವನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳಲು ಮಾಂತ್ರಿಕನಿಗೆ, ಮಂತ್ರದ ಮಟ್ಟ ಒಂದಕ್ಕೆ, ಎರಡು ಗಂಟೆ ಮತ್ತು 50 ಚಿನ್ನದ ನಾಣ್ಯ ಬೇಕು. ಬಡವನಿಗೆ ಅದು ಬೆಟ್ಟವೇ. ಆದರೆ ದುಡ್ಡಿನ ಗೋಡೆ ಒಡೆಯಬಹುದು: ನಕಲು ಮಾಡಿ ಹಂಚಬಹುದು, ಊರಿಗೊಂದು ಲೈಬ್ರರಿ ಕಟ್ಟಬಹುದು, ಸ್ಕಾಲರ್‌ಶಿಪ್ ಕೊಡಬಹುದು. ಡ್ರ್ಯಾಗನ್ ರಕ್ತಕ್ಕೆ ಯಾವ ಲೈಬ್ರರಿ ಕಟ್ಟುತ್ತೀರಿ?

ಮುಂದಿನ ಸಲ ಆಟಕ್ಕೆ ಕೂತಾಗ ಪುಸ್ತಕದ ಮಾಂತ್ರಿಕನನ್ನೇ ಆರಿಸಿಕೊಳ್ಳಿ. ಆಫೀಸಿನಲ್ಲಿ ಯಾರಾದರೂ ‘ಅದೆಲ್ಲ ಅವನಿಗೆ ಹುಟ್ಟಿನಿಂದ ಬಂದದ್ದು’ ಅಂದರೆ ತಲೆಯಾಡಿಸಬೇಡಿ. ಅವನು ಏನು ಓದಿದ, ಎಷ್ಟು ವರ್ಷ ಓದಿದ, ಆ ಪುಸ್ತಕ ಅವನ ಕೈಗೆ ಬಂದಿದ್ದು ಹೇಗೆ ಅಂತ ಕೇಳಿ.